ಪದ್ಮಿನಿಯ ಬ್ರೇಕು
ಸಿಗ್ನಲ್ಲಿನಲ್ಲಿ ನಿಂತಾಗ ಪದ್ಮಿನಿಯ ಬ್ರೇಕ್ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಹೊರಗೆಲ್ಲೂ ಒಂದು ಹನಿ ಆಯಿಲ್ ಸೋರಿರಲಿಲ್ಲ. ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲು ಸವೆದಿದೆ ಎಂದ ಮೆಕ್ಯಾನಿಕ್. ಆ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು; ಅದು ಕೈಕೊಟ್ಟರೆ ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ.

ಪದ್ಮಿನಿ ಟ್ಯಾಕ್ಸಿಗಳು 2023ರಲ್ಲಿ ಮುಂಬಯಿಯ ರಸ್ತೆಯಿಂದ ಇಳಿದಾಗಿತ್ತು. ಮಾಟುಂಗಾದ ಆ ನಿವೃತ್ತ ಗುಮಾಸ್ತರು ಬಿಡಿಭಾಗ ಹುಡುಕಿಕೊಂಡು ಕಾರು ಹುಟ್ಟಿದ ಕುರ್ಲಾಕ್ಕೇ ಹೋದರು. ಅಂಗಡಿಯವನು ಕೊಂಚ ದೊಡ್ಡ ಬೋರಿನದೊಂದನ್ನು ಮುಂದಿಟ್ಟ. “ಕಾಕಾ, ಇದೂ ಕೂರುತ್ತೆ. ಪೆಡಲ್ ಗಟ್ಟಿಯಾಗಿರುತ್ತೆ.”

ಕೂರುವುದೇನೋ ಕೂರುತ್ತದೆ. ಆದರೆ ಬೋರು ದೊಡ್ಡದಾದರೆ ಅಷ್ಟೇ ಒತ್ತಿದರೂ ಹುಟ್ಟುವ ಪ್ರೆಷರ್ ಕಡಿಮೆ. ಗಟ್ಟಿ ಪೆಡಲ್ ಅಂದರೆ ಒಳ್ಳೆಯ ಬ್ರೇಕು ಅನ್ನುವುದು ಅರ್ಧ ಮೋಸ. ಮಂಡಿನೋವಿನ ಹೆಂಡತಿಯೂ ಅದೇ ಕಾರು ಓಡಿಸುತ್ತಾರೆ. ಅವರು ಚೀಲದಿಂದ ಹಳೆಯ ಸಿಲಿಂಡರ್ ತೆಗೆದು, “ವರ್ನಿಯರ್ ಕೊಡಪ್ಪಾ” ಎಂದರು.