ಜೆ.ಸಿ. ರಸ್ತೆಯ ಹಿತ್ತಾಳೆ ವಾಲ್ವ್

ಬೆಂಗಳೂರಿನ ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಜೆ.ಸಿ. ರಸ್ತೆಯಲ್ಲಿ ನಡೆದೇ ಹೋಗಬೇಕು. ಸೀಟ್ ಕವರ್, ಹಾರ್ನ್, ಮ್ಯಾಟ್ ಅಂತ ಅಂಗಡಿ ಹುಡುಗರು ನಿಮ್ಮ ಕಾರು ಯಾವುದು ಅಂತ ಕೇಳುವ ಮೊದಲೇ ಒಳಗೆ ಕರೀತಾರೆ. ಎಂಜಿನ್ ಸಾಮಾನು ಬೇಕಂದ್ರೆ ಸ್ವಲ್ಪ ಹುಡುಕಬೇಕು. ನಾನು ಹೋದದ್ದು ಬೂಸ್ಟ್ ಕಂಟ್ರೋಲರ್‌ಗಾಗಿ.

ನನ್ನದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಕುದುರೆಶಕ್ತಿ. ಈಗ ಒಂದು ಲೀಟರಿನ ಕಾರಿಗೂ ಟರ್ಬೊ ಇರುತ್ತೆ. ಆಗ ಪೆಟ್ರೋಲ್ ಕಾರಲ್ಲಿ ಅದು ಅಪರೂಪ. ಮೂರನೇ ಗೇರಿನಲ್ಲಿ ಒತ್ತಿದರೆ ಈಗಲೂ ಬೆನ್ನು ಸೀಟಿಗೆ ಅಂಟುತ್ತೆ. ಇನ್ನೊಂಚೂರು ಅಂಟಲಿ ಅನ್ನೋ ಆಸೆ, ಅಷ್ಟೇ.

ಟರ್ಬೊ ಅಂದರೆ ಎಂಜಿನ್ ಹೊಗೆಯ ರಭಸಕ್ಕೆ ತಿರುಗಿ, ಒಳಗೆ ಗಾಳಿ ತುರುಕುವ ಗಿರಗಿಟ್ಟಲೆ. ಒತ್ತಡ ಮಿತಿ ಮುಟ್ಟಿದಾಗ ವೇಸ್ಟ್‌ಗೇಟ್ ಎಂಬ ಬಾಗಿಲು ತೆರೆದು ಹೊಗೆಯನ್ನು ಪಕ್ಕಕ್ಕೆ ಬಿಡುತ್ತೆ. ಆ ಬಾಗಿಲಿಗೆ ಸುದ್ದಿ ತಡವಾಗಿ ಮುಟ್ಟುವಂತೆ ಮಾಡೋದೇ ಬೂಸ್ಟ್ ಕಂಟ್ರೋಲರ್ ಕೆಲಸ.

ಕೌಂಟರ್ ಹಿಂದಿದ್ದ ಹಿರಿಯರು ಎರಡನ್ನು ಮುಂದಿಟ್ಟರು. ಒಂದು ಹೆಬ್ಬೆರಳಿನಷ್ಟು ಹಿತ್ತಾಳೆಯದು. ಒಳಗೆ ಗುಂಡು, ಸ್ಪ್ರಿಂಗು, ಮೇಲೊಂದು ತಿರುಪು. ಇನ್ನೊಂದು ಎಲೆಕ್ಟ್ರಾನಿಕ್: ಸೆನ್ಸರ್, ವಾಲ್ವ್, ಡ್ಯಾಶ್‌ಬೋರ್ಡಿಗೆ ಪುಟ್ಟ ಸ್ಕ್ರೀನು. ಬೆಲೆ ಹಲವು ಪಟ್ಟು.

“ಓಡ್ಸೋದು ಎಲ್ಲಿ ಸಾರ್?”

“ತಿಂಗಳಿಗೊಮ್ಮೆ ಮಂಗಳೂರು.”

“ಹಂಗಾದ್ರೆ ಸ್ವಲ್ಪ ಯೋಚ್ನೆ ಮಾಡಿ” ಅಂದರು.

ಕಾರಣ ಶಿರಾಡಿ ಘಾಟಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ; ಇಲ್ಲಿನ ಗಾಳಿಯ ಒತ್ತಡ 0.9 ಬಾರ್ ಆಸುಪಾಸು. ಹಿತ್ತಾಳೆಯದನ್ನು ಇಲ್ಲಿ 0.6 ಬಾರಿಗೆ ತಿರುಗಿಸಿಟ್ಟರೆ ಎಂಜಿನ್ನಿಗೆ ಒಟ್ಟು 1.5 ಬಾರ್. ಸಕಲೇಶಪುರ ದಾಟಿ, ಗುಂಡ್ಯ ಇಳಿದು, ಮಂಗಳೂರು ಮುಟ್ಟಿದರೆ ಅದೇ ತಿರುಪಿಗೆ 1.6. ಮೇಲೆ ಕರಾವಳಿಯ ಸೆಖೆ ಬೇರೆ. ಬಿಸಿ ಗಾಳಿ, ಜಾಸ್ತಿ ಒತ್ತಡ ಎರಡೂ ಸೇರಿದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತೆ. ಆ ಟಕಟಕ ಸದ್ದು ಮುಂದುವರಿದರೆ ಪಿಸ್ಟನ್ ಹೋಗುತ್ತೆ. ಇಪ್ಪತ್ತು ವರ್ಷದ ಎಂಜಿನ್ ಅದು.

ಅದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ನನ್ನ ಕಾರಿನಲ್ಲಿ ಕಂಪ್ಯೂಟರ್ ಮಾತು ಕೇಳುವ ಬೂಸ್ಟ್ ವಾಲ್ವ್ ಮೊದಲಿಂದಲೇ ಇದೆ, ಊರಿನ ಎತ್ತರದ ಲೆಕ್ಕವೂ ಅದಕ್ಕೆ ಗೊತ್ತು. ನಡುವೆ ಹಿತ್ತಾಳೆ ತೂರಿಸಿದರೆ ಕಂಪ್ಯೂಟರ್ ಕೇಳಿದ್ದೊಂದು, ಎಂಜಿನ್ನಿಗೆ ಸಿಕ್ಕಿದ್ದೊಂದು. ಮಿತಿ ಮೀರಿತು ಅನ್ನಿಸಿದ ಕೂಡಲೇ ಅದು ಶಕ್ತಿ ಕಡಿದುಬಿಡುತ್ತೆ. ಘಾಟಿ ತಿರುವಿನಲ್ಲಿ ಟ್ಯಾಂಕರ್ ಲಾರಿ ಹಿಂದೆ ಹಾಕುವ ಹೊತ್ತಿಗೆ ಹಾಗಾದರೆ? ಇಂಥ ಕಂಪ್ಯೂಟರ್ ಹಿಡಿತವಿಲ್ಲದ ಇನ್ನೂ ಹಳೇ ಟರ್ಬೊ ಕಾರುಗಳಿಗೆ ಹಿತ್ತಾಳೆಯದು ಒಪ್ಪುತ್ತೆ, ಅದೂ ಬೂಸ್ಟ್ ಗೇಜ್ ಇದ್ದು, ಪೆಟ್ರೋಲ್-ಗಾಳಿ ಪ್ರಮಾಣ ಅಳೆದು ನೋಡುವವರು ಸಿಕ್ಕರೆ. ಕಡಿಮೆ ಮಾಡೋಕೆ ಮಾತ್ರ ಎರಡೂ ಬರಲ್ಲ. ವೇಸ್ಟ್‌ಗೇಟ್ ಸ್ಪ್ರಿಂಗಿಗಿಂತ ಕೆಳಗೆ ಯಾವ ಕಂಟ್ರೋಲರೂ ಇಳಿಯಲ್ಲ. ಅಂದಹಾಗೆ, ಎಂಜಿನ್‌ಗೆ ಕೈ ಹಾಕುವ ಮೊದಲು ಇನ್ಶೂರೆನ್ಸ್ ಕಂಪನಿಯನ್ನೂ ಕೇಳಿ.

ನಾನು ಕೊಂಡದ್ದು ಒಂದು ಗೇಜ್, ಕಂಪನಿಯದೇ ಹೊಸ ವಾಲ್ವ್, ಹೋಸು, ಕ್ಲ್ಯಾಂಪು. ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಇಂಟರ್‌ಕೂಲರಿಗೆ ಹೋಗುವ ಹಳೇ ರಬ್ಬರ್ ಹೋಸು ಎರಡು ಕಡೆ ಸೀಳಿತ್ತು, ಟರ್ಬೊ ತುಂಬಿದ ಗಾಳಿ ಅಲ್ಲೇ ಸೋರುತ್ತಿತ್ತು. ಬದಲಾಯಿಸಿದ ಮೇಲೆ ನಾನು ಬಯಸಿದ ಆ ಇನ್ನೊಂಚೂರು ಬಂತು. ಈ ಶನಿವಾರ ಗೇಜಿನ ಮುಳ್ಳು ನೋಡ್ಕೊಂಡೇ ಶಿರಾಡಿ ಇಳೀಬೇಕು.