ಎರಿ ಸೀಮೆಯವರ ಅಡವಿ ದಾರಿ

ಇವತ್ತು ಮುಂಜಾನೆ ಚಹಾದ ಹೊತ್ತಿಗೆ ಅಳಿಯನ ಒಂದು ಮಾತು ಕೇಳಿ ಮನಸ್ಸಿಗೆ ಕಸಿವಿಸಿಯಾಯಿತು. ಗೆಳೆಯರ ಜೋಡಿ ಕುಮಾರ ಪರ್ವತಕ್ಕೆ ಹೊರಟಿದ್ದಾನೆ. ಅವನಿಗದು ಮೊದಲ ಚಾರಣ. ಕೊಳ್ಳಬೇಕಾದ ಸಾಮಾನಿನ ಪಟ್ಟಿ ಓದುತ್ತ, "ಮಾಮಾ, ನಾವು ಸಿಂದಗಿ ಮಂದಿ. ಗುಡ್ಡ, ಅಡವಿ ನಮಗೇನ್ ಗೊತ್ತೈತ್ರಿ? ಎಲ್ಲಾ ಹೊಸದಾಗಿ ಕಲೀಬೇಕು" ಅಂದ.

ಬೂಟು ಬೇಕು, ನೀರು ಬೇಕು, ಒಬ್ಬರೇ ಹೋಗಬಾರದು. ಇದರಲ್ಲಿ ಚರ್ಚೆಗೇನೂ ಇಲ್ಲ. 2024ರ ಜನವರಿಯಲ್ಲಿ ಆ ಬೆಟ್ಟಕ್ಕೆ ಜನ ಒಮ್ಮೆಲೇ ನುಗ್ಗಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್ ತಂದು ದಿನಕ್ಕೆ 300 ಜನರ ಮಿತಿ ಹಾಕಿದ್ದೂ ಒಳ್ಳೆಯದೇ ಆಯಿತು. ಆದರೆ ಅಡವಿ ನಮಗೆ ಗೊತ್ತಿಲ್ಲ ಅನ್ನುವುದನ್ನು ಹೇಗೆ ಒಪ್ಪಲಿ?

ಹೋಳಿ ಹುಣ್ಣಿಮೆ ಮುಗಿಯಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಿಂದ ಮಲ್ಲಯ್ಯನ ಕಂಬಿಯ ಹಿಂದೆ ಪಾದಯಾತ್ರೆ ಹೊರಡುತ್ತದೆ. ಯುಗಾದಿಗೆ ಶ್ರೀಶೈಲ ಮುಟ್ಟಬೇಕು. ಆತ್ಮಕೂರು ಕಳೆದು, ವೆಂಕಟಾಪುರದ ಹತ್ತಿರ ಡಾಂಬರು ಬಿಟ್ಟರೆ ಮುಂದೆಲ್ಲ ನಲ್ಲಮಲ, ಹುಲಿಗಳಿರುವ ಅಡವಿ. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೈಲಾಸ ಬಾಗಿಲು: ಈ ಹೆಸರುಗಳನ್ನು ನಮ್ಮ ಆಯಿ ತನ್ನ ತವರಿನ ಓಣಿಗಳ ಹಾಗೆ ಸಲೀಸಾಗಿ ಹೇಳುತ್ತಿದ್ದಳು. ಬರಿಗಾಲಲ್ಲಿ ನಡೆದಾಕಿ. ಆಕೆಗೂ ಒಂದು ಮೊದಲ ಸಲ ಇತ್ತು.

ಆ ಮೊದಲ ಸಲದ ಕಥೆಯೇ ನನಗೆ ದೊಡ್ಡದು. ಎರಿ ಹೊಲದ ನಡುವೆ ಹುಟ್ಟಿದ ಕಣ್ಣಿಗೆ ಎಲ್ಲವೂ ದೂರದಿಂದಲೇ ಕಾಣಬೇಕು. ಜೋಳ ಕೊಯ್ದ ಮೇಲಂತೂ ಮುಂದಿನೂರಿನ ಗುಡಿಯ ಶಿಖರ, ಬದುವಿನ ಬನ್ನಿಗಿಡ, ಹಳ್ಳದ ತಿರುವು, ಯಾವುದೂ ಮರೆಯಾಗುವುದಿಲ್ಲ. ಅಡವಿಯಲ್ಲಿ ಮುಂದೆ ಹೋದವರು ಒಂದು ತಿರುವಿಗೇ ಇಲ್ಲವಾಗುತ್ತಾರೆ. ಅಂಜಿ ನಿಂತ ಆಯಿಗೆ ಹಿರಿಯಾಕೆಯೊಬ್ಬಳು, "ದೂರ ನೋಡಬ್ಯಾಡವಾ, ಮುಂದಿನಾಕಿ ಹಿಮ್ಮಡ ನೋಡ್ಕೋತ ಬಾ" ಅಂದಳಂತೆ. ಯುಗಾದಿಯ ಮುಂಚೆ ನಲ್ಲಮಲದ ಗಿಡಗಳು ಎಲೆ ಉದುರಿಸಿ ನಿಂತಿರುತ್ತವೆ, ನೆರಳು ಸಿಗುವುದಿಲ್ಲ. ಅದಕ್ಕೇ ನಸುಕಿನಲ್ಲಿ ನಡೆಯುವುದು, ಬಿಸಿಲೇರಿದಾಗ ಕೂರುವುದು. ಭೀಮನ ಕೊಳ್ಳದ ಮೆಟ್ಟಿಲು ಇಳಿಯುವಾಗ ಪಾದ ಅಡ್ಡ ಇಡುವುದು, ಮೊಣಕಾಲು ಉಳಿಯುತ್ತವೆ. ಹೊಸಬರನ್ನು ಸಾಲಿನ ನಡುವೆ ಹಾಕಿಕೊಳ್ಳುವುದು. ಹೋಗಿ ಬಂದವರ ಜೊತೆ ಹೋಗುವುದಕ್ಕಿಂತ ದೊಡ್ಡ ಪಾಠ ಚಾರಣದಲ್ಲಿ ಇಲ್ಲವೆಂದೇ ನಾನು ನಂಬಿದ್ದೇನೆ.

ಇನ್ನು ಬುತ್ತಿ. ಅಳಿಯನ ಪಟ್ಟಿಯಲ್ಲಿ ಎನರ್ಜಿ ಬಾರ್ ಇತ್ತು, ಕಡಕ್ ರೊಟ್ಟಿ ಇರಲಿಲ್ಲ! ಬಿಳಿಜೋಳದ ಹಿಟ್ಟನ್ನು ಕುದಿನೀರಲ್ಲಿ ನಾದಿ, ತೆಳ್ಳಗೆ ಬಡಿದು, ಹಂಚಿನಿಂದ ತೆಗೆದು, ಒಲೆಯ ಮಗ್ಗುಲಿಗೆ ನಿಲ್ಲಿಸಿ ಪಸೆ ಹೋಗುವತನಕ ಒಣಗಿಸಿದ ರೊಟ್ಟಿ. ಪಸೆ ಇಲ್ಲದ್ದಕ್ಕೆ ಬೂಷ್ಟು ಹಿಡಿಯದು, ತೂಕವೂ ಆಗದು. ಬೆಂಕಿ ಹಚ್ಚುವ ಕೆಲಸವಿಲ್ಲ. ಒಣ ಅಡವಿಯಲ್ಲಿ ಅದು ಸಣ್ಣ ಮಾತಲ್ಲ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ: ಎಣ್ಣೆಯೂ ಬಂತು, ಬೆವರಲ್ಲಿ ಹೋದ ಉಪ್ಪೂ ಬಂತು. ಇಂಡಿಯ ಲಿಂಬೆಹಣ್ಣು ಕೊಯ್ದು ನೀರಿಗೆ ಹಿಂಡಿ, ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ ಹಾಕಿ ಕುಡಿದರೆ ಕುಸಿದ ಜೀವ ಎದ್ದು ಕೂರುತ್ತದೆ. ಎಲ್ಲ ಒಂದು ಅರಿವೆಯ ಗಂಟಿನಲ್ಲಿ. ಇವತ್ತು ಅದೇ ಯಾತ್ರೆಯ ದಾರಿಯಲ್ಲಿ ಪ್ಲಾಸ್ಟಿಕ್ ಬಾಟಲಿ ಬೀಳುತ್ತಿರುವುದು ನನಗೆ ಸಹಿಸಲಾಗದ ಸಂಕಟ. ಮಲ್ಲಯ್ಯನ ಅಡವಿಯನ್ನು ಹೊಲಸು ಮಾಡಿ ಮಲ್ಲಯ್ಯನ ಮುಂದೆ ಕೈಮುಗಿಯುವುದು ಹೇಗೆ?

ಶ್ರೀಶೈಲವೆಂದರೆ ಅಕ್ಕಮಹಾದೇವಿ ನೆನಪಾಗದೆ ಇರಳು. ಉಡುತಡಿಯಿಂದ ಕಲ್ಯಾಣ, ಅಲ್ಲಿಂದ ಕದಳಿ. ಮಲೆನಾಡಿನ ಅಂಚಿನ ಹೆಣ್ಣುಮಗಳು ಬಯಲುಸೀಮೆ ದಾಟಿಯೇ ಕಲ್ಯಾಣಕ್ಕೆ ಬಂದಿರಬೇಕು. ನಮಗೆ ಅಡವಿ ದಿಗಿಲು ಹುಟ್ಟಿಸಿದರೆ, ಮರಗಳ ನಡುವೆ ಬೆಳೆದ ಆಕೆಗೆ ಈ ಬಯಲು ಹೇಗೆ ಕಂಡಿತು? 12ನೇ ಶತಮಾನದಲ್ಲಿ ಇಲ್ಲಿ ಎಷ್ಟು ಗಿಡಗಳಿದ್ದವು? ಬಾಲಕ ಬಸವಣ್ಣ ಬಾಗೇವಾಡಿ ಬಿಟ್ಟು ಕೂಡಲಸಂಗಮಕ್ಕೆ ಹೊರಟಾಗ ಯಾವ ಗಿಡದ ಬುಡದಲ್ಲಿ ಕುಳಿತಿರಬಹುದು?

ರಾಜ್ಯದಲ್ಲೇ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಬಾಗೇವಾಡಿಯಿಂದ ಸಂಗಮದತನಕ ದಾರಿಯ ಎರಡೂ ಬದಿಗೆ ಗಿಡ ಹಚ್ಚಿದರೆ ನಮ್ಮ ಮಕ್ಕಳ ಮೊದಲ ನಡಿಗೆ ಅಲ್ಲಿಂದಲೇ ಶುರುವಾದೀತು. ಹುಣಸೆ ಹಚ್ಚಬೇಕೆಂದು ಆಸೆ. ಆದರೆ ಎರಿ ನೆಲ ಬೇಸಿಗೆಗೆ ಬಿರಿದಾಗ ಎಳೆಬೇರು ಹರಿಯುತ್ತವೆ. ಬೀಜ ಹಾಕಿ ಅಲ್ಲೇ ಬೆಳೆಸಿದ ಬೇವು ಹೆಚ್ಚು ತಾಳಿಕೊಂಡೀತು. ಮೊದಲು ಬೇವು, ಅದರ ನೆರಳು ಬಿದ್ದ ಮೇಲೆ ನಡುನಡುವೆ ಹುಣಸೆ.