ಒಂದೇ ಗಿಟಾರಿಗೆ ಇನ್ನೊಂದು ದನಿ

ವೀಣೆಯಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ಭಾಗಕ್ಕೆ ನಮ್ಮ ಹಿರಿಯರು ಕುದುರೆಯೆಂದು ಹೆಸರಿಟ್ಟರು. ಇಂಗ್ಲಿಷರು ಅದನ್ನು ಸೇತುವೆಯೆಂದರು. ವಿನೋದವೆಂದರೆ, ಗಿಟಾರಿನ ಆ ಸೇತುವೆಯ ಮೇಲೆ ಒಂದೊಂದು ತಂತಿಗೂ ಆಸರೆಯಾಗಿರುವ ಲೋಹದ ತುಂಡನ್ನು ಅವರೂ ಜೀನು ಎಂದೇ ಕರೆಯುತ್ತಾರೆ. ನಮ್ಮ ಕುದುರೆಗೆ ಅವರ ಜೀನು ಸರಿಯಾಗಿ ಒಪ್ಪುವುದರಿಂದ ಈ ಬರಹದಲ್ಲಿ ಆ ಎರಡು ಮಾತುಗಳನ್ನೇ ಬಳಸುತ್ತೇವೆ, ವಾಚಕರು ಮನ್ನಿಸಬೇಕು.

ನಮ್ಮ ಮುಳ್ಳನ್ಕೊಲ್ಲಿಯಿಂದ ಪೆರಿಕ್ಕಲ್ಲೂರಿನ ಕಡವಿಗೆ ಹೋಗಿ ದೋಣಿಯಲ್ಲಿ ಕಬಿನಿಯನ್ನು ದಾಟಿದರೆ ಎಚ್.ಡಿ. ಕೋಟೆ ತಾಲ್ಲೂಕಿನ ಬೈರಕುಪ್ಪೆ. ಈ ದಡದಲ್ಲಿ ಮಲೆಯಾಳ, ಆ ದಡದಲ್ಲಿ ಕನ್ನಡ, ನಮ್ಮ ಮನೆಗಳಲ್ಲಿ ಎರಡೂ. ನಮ್ಮ ತಂಗಿಯ ಮಗ ಗಿಟಾರು ನುಡಿಸುವವನು. ಈಚೆಯ ಗಾನಮೇಳಗಳಲ್ಲಿ ಅವನಿಗೆ ಬೇಕಾದದ್ದು ಕಿವಿಗಡಚಿಕ್ಕುವ ವಿದ್ಯುತ್ ಗಿಟಾರಿನ ದನಿ; ಆಚೆಯ ನೆಂಟರ ಮದುವೆಯಲ್ಲಿ ಭಾವಗೀತೆಗೆ ಕುಳಿತರೆ ಬೇಕಾದದ್ದು ಮರದ ಗಿಟಾರಿನ ಮೃದುವಾದ ನಾದ. ಎರಡು ಗಿಟಾರುಗಳನ್ನು ಕೊಳ್ಳುವ ಅನುಕೂಲ ಮನೆಯಲ್ಲಿಲ್ಲ. ಶೀಘ್ರ ಸೊರಗು ರೋಗ ತಗುಲಿ ಬಳ್ಳಿಗಳು ಹೋದ ಮೇಲೆ ಮೆಣಸಿನ ತೋಟವನ್ನು ನಂಬಿದವರ ಸ್ಥಿತಿ ಏನಾಯಿತೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಇದ್ದುದೊಂದೇ ಗಿಟಾರು, ಅದೂ ಮೆಣಸಿಗೆ ಬೆಲೆ ಬಂದ ಒಂದು ವರ್ಷ ಅವನ ತಂದೆ ಕೊಡಿಸಿದ್ದು. ಭಾವನವರು ಈಗಿಲ್ಲ.

ಆದುದರಿಂದಲೇ ಹುಡುಗ ಅದಕ್ಕೆ ಪೀಜೋ ಪಿಕಪ್ ಅಳವಡಿಸುವ ಮಾತೆತ್ತಿದಾಗ ಮನೆ ಎರಡಾಯಿತು. “ಅಣ್ಣಾ, ಅವರ ಕೈಮುಟ್ಟಿದ ಮರಕ್ಕೆ ಉಳಿ ಹಾಕಿಸಬೇಡ,” ಎಂದು ತಂಗಿ ನಮ್ಮಲ್ಲಿ ಹೇಳಿದಳು. “ಮಾವ, ಮೂಲೆಯಲ್ಲಿಟ್ಟು ಪೂಜೆ ಮಾಡಲಿಕ್ಕೆ ಅಪ್ಪ ಕೊಡಿಸಿದ್ದೇ?” ಎಂದು ಅವನು ಕೇಳಿದ. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ನಿವೃತ್ತರಾದ ಮೇಲೆ ರೇಡಿಯೋ ಬಿಚ್ಚಿ ಜೋಡಿಸುವ ಹವ್ಯಾಸವುಳ್ಳ ನಾವು ನಡುವೆ ಸಿಕ್ಕಿಕೊಂಡೆವು.

ವಿದ್ಯುತ್ ಗಿಟಾರಿನ ಸಾಧಾರಣ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ತೆಳುವಾದ ತಾಮ್ರದ ತಂತಿ. ಉಕ್ಕಿನ ತಂತಿ ಅದರ ಮೇಲೆ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದಕ್ಕೆ ಕೇಳಿಸುವುದು ಉಕ್ಕಿನ ಚಲನೆ ಮಾತ್ರ. ಮರದ ಮೈಯನ್ನು ಬೆರಳಿನಿಂದ ತಟ್ಟಿದರೆ ಅದು ಹೆಚ್ಚುಕಡಿಮೆ ಕಿವುಡು. ಪೀಜೋ ಹಾಗಲ್ಲ. 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ, ಪಿಯರ್ ಕ್ಯೂರಿ ಎಂಬ ಸೋದರರು, ಕೆಲವು ಹರಳುಗಳನ್ನು ಅದುಮಿದಾಗ ಅವುಗಳ ಮುಖದಲ್ಲಿ ವಿದ್ಯುದಾವೇಶ ತೋರುವುದನ್ನು ಕಂಡುಹಿಡಿದರು. ಕ್ಯೂರಿ ಎಂದೊಡನೆ ರೇಡಿಯಮ್ಮನ್ನೇ ನೆನೆಯುವ ನಾವು ಇದನ್ನು ಮರೆತಿರುತ್ತೇವೆ. ಗೃಹಿಣಿಯರಿಗೆ ಇದು ಅಪರಿಚಿತವೇನಲ್ಲ: ಅಡಿಗೆಮನೆಯ ಗ್ಯಾಸ್ ಲೈಟರನ್ನು ಒತ್ತಿದಾಗ ಒಳಗಿನ ಪುಟ್ಟ ಸುತ್ತಿಗೆ ಅಂತಹದೇ ವಸ್ತುವಿನ ಮೇಲೆ ಬಡಿದು ಕಿಡಿ ಹಾರಿಸುತ್ತದೆ. ಅದನ್ನೇ ಗಿಟಾರಿನ ಜೀನಿನೊಳಗೆ ಇಟ್ಟರೆ ತಂತಿಯ ನಡುಕವೆಲ್ಲ ಒತ್ತಡವಾಗಿ, ಒತ್ತಡ ವಿದ್ಯುತ್ತಾಗಿ ಹೊರಬರುತ್ತದೆ. ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕಿನಲ್ಲಿಯೂ ಸಾಮಾನ್ಯವಾಗಿ ಇರುವುದು ಇದೇ ಗುಣ.

ಮೊದಲು ನಾವು ಆಟಿಕೆಯೊಂದರಲ್ಲಿ ಕಿರ್ರೆನ್ನುತ್ತಿದ್ದ ಹಿತ್ತಾಳೆಯ ಬಿಲ್ಲೆಯನ್ನು ಬಿಚ್ಚಿ, ಕುದುರೆಯ ಬದಿಗೆ ಅಂಟಿಸಿ ನೋಡಿದೆವು. ಖರ್ಚು ಇಲ್ಲವೆನ್ನುವಷ್ಟು. ಆದರೆ ಕೇಳಿಸಿದ್ದು ತಂತಿಗಿಂತ ಹೆಚ್ಚಾಗಿ ಅಂಗಿಯ ಗುಂಡಿ ತಾಗಿದ ಸದ್ದು, ಅಂಗೈ ಉಜ್ಜಿದ ಸದ್ದು, ಹಿಂಬದಿಯ ಸ್ಪ್ರಿಂಗುಗಳ ಝಣಝಣ.

ಈ ಸ್ಪ್ರಿಂಗುಗಳೇ ಈ ಗಿಟಾರಿನ ವಿಶೇಷ ಮತ್ತು ತೊಡಕು. 1954ರಲ್ಲಿ ಅಮೆರಿಕದ ಲಿಯೋ ಫೆಂಡರ್ ಅವರ ಸ್ಟ್ರಾಟೊಕಾಸ್ಟರ್ ಗಿಟಾರಿನೊಡನೆ ಬಂದ ಕುದುರೆಯ ಮಾದರಿ ಇದು. ಲೋಹದ ತಟ್ಟೆ, ಅದರ ಮೇಲೆ ಆರು ಜೀನುಗಳು, ಕೆಳಗೆ ಮರದ ಟೊಳ್ಳಿನಲ್ಲಿ ಇಳಿಬಿದ್ದ ಲೋಹದ ಗಟ್ಟಿ. ಆರು ತಂತಿಗಳು ಒಂದು ಕಡೆಗೆ ಸುಮಾರು 40 ಕಿಲೋ ಭಾರದಷ್ಟು ಎಳೆದರೆ, ಸ್ಪ್ರಿಂಗುಗಳು ಎದುರಾಗಿ ಎಳೆದು ಕುದುರೆಯನ್ನು ಸಮತೂಕದಲ್ಲಿ ನಿಲ್ಲಿಸುತ್ತವೆ. ಸನ್ನೆಯನ್ನು ಒತ್ತಿದರೆ ಕುದುರೆ ವಾಲಿ, ತಂತಿಗಳು ಸಡಿಲಗೊಂಡು ಸ್ವರ ಬಾಗುತ್ತದೆ. ಇದಕ್ಕೆ ಟ್ರೆಮೊಲೊ ಎಂದು ಹೆಸರಿಟ್ಟದ್ದು ತಪ್ಪು. ಆ ಮಾತಿನ ಅರ್ಥ ದನಿಯ ಏರಿಳಿತ, ಇಲ್ಲಿ ಬಾಗುವುದು ಶ್ರುತಿ. ನಮ್ಮ ಗಮಕದ ದೂರದ ನೆಂಟನೆನ್ನಬಹುದು. ಅಲುಗದ ಕುದುರೆಗೆ ಪೀಜೋ ಕೂಡಿಸುವುದು ಸುಲಭ. ಪ್ರತಿ ಸಾರಿಯೂ ವಾಲುವ ಕುದುರೆಯಿಂದ ಆರು ಎಳೆಗಳನ್ನು ಕಡಿಯದಂತೆ, ಉಜ್ಜದಂತೆ ಒಳಗೆ ಒಯ್ಯುವುದೇ ಕಷ್ಟ.

ಪೀಜೋ ಅಡಗಿರುವ ಜೀನುಗಳು ಮಾರಾಟಕ್ಕೆ ದೊರೆಯುತ್ತವೆ. ತರಿಸುವ ಮುನ್ನ ಮೊದಲ ತಂತಿಯಿಂದ ಆರನೆಯ ತಂತಿಯವರೆಗಿನ ಅಗಲವನ್ನು ಅಳೆಯಲೇಬೇಕು: 52 ಮಿಲಿಮೀಟರಿನ ಆಸುಪಾಸಿನದೊಂದು ಬಗೆ, 56ರ ಆಸುಪಾಸಿನದು ಇನ್ನೊಂದು, ಒಂದರದು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಹಳೆಯ ಆರು ಜೀನುಗಳನ್ನು ತಂಗಿ ತಾನೇ ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟಳು. ಹೊಸವುಗಳಿಂದ ಹೊರಟ ಕೂದಲೆಳೆಯಂತಹ ಆರು ತಂತಿಗಳನ್ನು ಗಟ್ಟಿಯ ಪಕ್ಕದಿಂದ ಇಳಿಸಿ, ವಾಲುವಾಗ ಎಳೆತ ಬೀಳದಂತೆ ಒಂದು ಸುತ್ತು ಸಡಿಲು ಬಿಟ್ಟು, ಸ್ಪ್ರಿಂಗುಗಳಿಂದ ದೂರವಾಗಿ ಟೊಳ್ಳಿನ ಗೋಡೆಗೆ ಅಂಟಿಸಿದೆವು. ಅಲ್ಲಿಂದ ವಾಲ್ಯೂಮ್ ಗುಂಡಿಗಳಿರುವ ಗೂಡಿಗೆ ಹೋಗಲು ಮರದಲ್ಲಿ ಮೊದಲೇ ಒಂದು ರಂಧ್ರವಿತ್ತು. ಸ್ಪ್ರಿಂಗಿನ ಕೊಂಡಿಗೆ ಬೆಸೆದ ಅರ್ತ್ ತಂತಿಯ ದಾರಿ ಅದು. ಆರೂ ತಂತಿಗಳು ಅದರಲ್ಲಿ ಹಿಡಿಸಲಿಲ್ಲ. ಒಂದು ಮಿಲಿಮೀಟರ್ ಅಗಲಿಸಬೇಕಿತ್ತು.

ಹುಡುಗ ತಾಯಿಯ ಮುಖ ನೋಡಿದ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಒಳಗಿನದು ತಾನೇ, ಹೊರಗೆ ಕಾಣುವುದಿಲ್ಲವಲ್ಲ,” ಎಂದಳು. ಡ್ರಿಲ್ಲಿನ ಮೊನೆಯನ್ನು ಬೆರಳಿನಲ್ಲಿಯೇ ತಿರುಗಿಸಿ ಅಗಲಿಸಿದೆವು. ಟಾರ್ಚು ಹಿಡಿದವಳು ಅವಳೇ.

ಇನ್ನು ಮುಖ್ಯವಾದ ಮಾತು. ಪೀಜೋವನ್ನು ನೇರವಾಗಿ ಗಿಟಾರಿನ ಸಾಧಾರಣ ಗುಂಡಿಗೆ ಜೋಡಿಸಬಾರದು. ಅದು ವಿದ್ಯುತ್ತಿನ ದೃಷ್ಟಿಯಿಂದ ಒಂದು ಚಿಕ್ಕ ಕೆಪಾಸಿಟರ್. ಎರಡೂವರೆ ಲಕ್ಷ ಓಮ್‌ನ ಗುಂಡಿಯ ಎದುರು ಅದರ ಮಂದ್ರವೆಲ್ಲ ಸೋರಿಹೋಗಿ ತಗಡಿನ ಸದ್ದಷ್ಟೇ ಉಳಿಯುತ್ತದೆ. ಕನಿಷ್ಠ 1 ಮೆಗಾಓಮ್, ಸಾಧ್ಯವಾದರೆ ಅದರ ಹತ್ತರಷ್ಟು ತಡೆಯುಳ್ಳ ಬಫರ್ ಬೇಕು, ಒಂದು ಎಫ್.ಇ.ಟಿ. ಟ್ರಾನ್ಸಿಸ್ಟರ್, ಕೆಲವು ಬಿಡಿಭಾಗಗಳು, 9 ವೋಲ್ಟಿನ ಬ್ಯಾಟರಿ ಸಾಕು. ಬ್ಯಾಟರಿಗೆಂದು ಮರವನ್ನು ಕೆತ್ತುವುದು ವಾಡಿಕೆ. ನಾವು ಅದಕ್ಕೊಪ್ಪದೆ ಬಫರನ್ನು ಸೊಂಟದ ಪಟ್ಟಿಗೆ ಸಿಕ್ಕಿಸುವ ಲೋಹದ ಡಬ್ಬಿಯಲ್ಲಿಟ್ಟೆವು. ಗಿಟಾರಿನ ಜಾಕನ್ನು ಸ್ಟೀರಿಯೋ ಮಾಡಿ, ಒಂದು ದಾರಿಯಲ್ಲಿ ಅಯಸ್ಕಾಂತದ ದನಿ, ಇನ್ನೊಂದರಲ್ಲಿ ಪೀಜೋ ದನಿ, ಡಬ್ಬಿಯವರೆಗೆ ಒಂದೇ ಮೀಟರ್ ಉದ್ದದ ಕೇಬಲ್ಲು. ಎರಡನ್ನೂ ಬೆರೆಸಿದಾಗ ದನಿ ತೆಳುವಾಯಿತು. ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತಿತ್ತು. ಡಬ್ಬಿಯೊಳಗೆ ಒಂದನ್ನು ತಿರುವುಮುರುವು ಮಾಡಿದೊಡನೆ ತುಂಬಿಕೊಂಡಿತು.

ಇದರಿಂದ ಅದು ಮರದ ಗಿಟಾರಾಯಿತೇ? ಇಲ್ಲ. ಟೊಳ್ಳು ಮೈಯ ಗಾಳಿಯ ಉಸಿರು ಗಟ್ಟಿ ಹಲಗೆಗೆ ಬರಲಾರದು. ಜೋರಾಗಿ ಮೀಟಿದರೆ ಪೀಜೋ ಬಾತುಕೋಳಿಯಂತೆ ಗಂಟಲು ಬಿಗಿಯುತ್ತದೆ. ಸನ್ನೆ ಅಲುಗಿಸಿದರೆ ಸ್ಪ್ರಿಂಗಿನ ಸದ್ದು ಸ್ವಲ್ಪ ಇಣುಕುತ್ತದೆ. ಸ್ಪ್ರಿಂಗಿನೊಳಗೆ ಸ್ಪಂಜಿನ ಚೂರು ತುರುಕಿ ಅದನ್ನು ತಗ್ಗಿಸಿದ್ದೇವೆ. ವೀಣೆಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿದ್ದನ್ನು ಕೇಳಿ ಮುಖ ಸಿಂಡರಿಸುವ ರಸಿಕರ ಆಕ್ಷೇಪ ಪೊಳ್ಳೇನಲ್ಲ. ಮೈಸೂರಿನ ವೀಣೆ ಶೇಷಣ್ಣನವರು (1852–1926) ಅಂತಹ ಮೈಕಿನ ನೆರವಿಲ್ಲದೆಯೇ ಕೀರ್ತಿ ಪಡೆದವರು. ಆದರೆ ಚಪ್ಪರದ ಕೆಳಗೆ ಎರಡು ಚಂಡೆ, ಒಂದು ಜನರೇಟರು ಮೊರೆಯುವಲ್ಲಿ ಬರಿಯ ಮರದ ನಾದ ಮೊದಲ ಸಾಲಿಗೂ ಮುಟ್ಟದೆಂಬುದನ್ನು ಅವರೂ ಒಪ್ಪಬೇಕು. ಮೆಲ್ಲಗೆ ಬೆರಳಿನಿಂದ ಬಿಡಿಸಿದಾಗ, ಗುಂಡಿಯನ್ನು ಅರ್ಧದಲ್ಲಿಟ್ಟರೆ, ಈ ಎರಡನೆಯ ದನಿ ಸಾಕಷ್ಟು ಸೊಗಸಾಗಿದೆ.

ವಯನಾಡಿನ ಮಳೆಗಾಲ ಇದಕ್ಕೆ ಶತ್ರು. ತಡೆ ಹೆಚ್ಚಿರುವ ಬೆಸುಗೆಗಳ ಮೇಲೆ ತೇವ ಕೂತರೆ ಬುಸುಗುಟ್ಟುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಹಾಕಿದ್ದೇವೆ.

ಕಳೆದ ಮಾಘದಲ್ಲಿ ಹುಡುಗ ಒಂದೇ ಗಿಟಾರನ್ನು ಬೆನ್ನಿಗೇರಿಸಿ ದೋಣಿ ಹತ್ತಿ ಬೈರಕುಪ್ಪೆಯ ಮದುವೆಗೆ ಹೋಗಿ ಬಂದ. ಹೊರಡುವ ಹಿಂದಿನ ಸಂಜೆ ಜಗಲಿಯಲ್ಲಿ ತಾಯಿಗೆ ಹೊಸ ದನಿಯನ್ನು ನುಡಿಸಿ ಕೇಳಿಸಿದ. ಅವಳು ಪೂರ್ತಿ ಕೇಳಿ, ಚೆನ್ನಾಗಿದೆಯೆಂದಳು. ಇನ್ನು ಹಳೆಯದರಲ್ಲೂ ಒಂದು ನುಡಿಸು ಎಂದಳು.